ಮಲಗುವವರ ಬಟ್ಟೆ, ನಡೆಯುವವರ ಬಟ್ಟೆ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ಹೈದರಾಬಾದಿನ ಬೆಳಗಿನ ರೂಪವೇ ಬದಲಾಗುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಇಲ್ಲಿಯ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 14-15 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುತ್ತದೆ. ಕೆಲವು ದಿನ 10 ಡಿಗ್ರಿಯ ಆಸುಪಾಸಿಗೂ ಬರುತ್ತದೆ. 1946ರ ಜನವರಿ 8ರಂದು 6.1 ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದೆ. ಆದರೆ ಈ ಚಳಿಗೆ ಒಂದು ವಿಚಿತ್ರ ಗುಣವುಂಟು. ಬೆಳಗಿನ ಐದೂವರೆಗೆ ಹಲ್ಲು ಕಟಕಟಿಸುವ ಮನುಷ್ಯನೇ ಹತ್ತು ಗಂಟೆಗೆ ನೆರಳು ಹುಡುಕುತ್ತಾನೆ. ಮೈಮೇಲೆ ಹೊದ್ದದ್ದನ್ನು ಎಲ್ಲಿಡಬೇಕೆಂಬುದೇ ಆಗ ಅವನ ಚಿಂತೆ.

ಇಂಥ ಬೆಳಗಿನಲ್ಲಿ ನಮ್ಮ ಮನೆಗಳಿಂದ ಹೊರಬೀಳುವವರು ಕಡಮೆಯೇನಿಲ್ಲ. ವೈದ್ಯರ ಮಾತಿಗೆ ಕಟ್ಟುಬಿದ್ದು ನಡೆಯಲು ಹೋಗುವ ಹಿರಿಯರು, ಶಾಲೆಯ ಓಟದ ಪಂದ್ಯಕ್ಕೆ ತಯಾರಾಗುವ ಮಕ್ಕಳು, ಸೈಕಲ್ ತುಳಿಯುವ ತರುಣರು, ಈಚೆಗೆ ಮನೆಗೆಲಸಕ್ಕೆ ಮೊದಲು ಒಂದು ಗಂಟೆ ತಮಗಾಗಿ ಇಟ್ಟುಕೊಂಡಿರುವ ಗೃಹಿಣಿಯರು. ಅವರಿಗೆಲ್ಲ ನಾವು ಕೊಡುವುದು ಒಂದೇ ಮದ್ದು: ದಪ್ಪನೆಯ ಸ್ವೆಟರು. ಮಗು ಅದನ್ನು ತೊಟ್ಟು ಎರಡು ಸುತ್ತು ಓಡುತ್ತದೆ, ಬೆವರುತ್ತದೆ, ಬಿಚ್ಚಿ ಕಟ್ಟೆಯ ಮೇಲೆ ಎಸೆಯುತ್ತದೆ, ಒದ್ದೆ ಬನಿಯನ್ನಿನಲ್ಲಿ ಗಾಳಿಗೆ ನಿಂತು ನಡುಗುತ್ತದೆ. ಇಷ್ಟೊಂದು ಬಟ್ಟೆ ಹಾಕಿ ಕಳಿಸಿದರೂ ನಡುಗುತ್ತ ಬಂದಿತಲ್ಲ ಎಂದು ನಾವು ಬೆರಗಾಗುತ್ತೇವೆ.

ಮನೆಯಲ್ಲಿ ಹೊಲಿಗೆಯ ಯಂತ್ರವಿದೆ, ಹೊಲಿಯುವ ಕೈಯಿದೆ. ಕೊಳ್ಳಲು ಬೇಗಂ ಬಜಾರಿದೆ. ಯಾವ ಬಟ್ಟೆ ಎಂಬುದೊಂದೇ ಪ್ರಶ್ನೆ. ಈ ಪ್ರಶ್ನೆಯನ್ನು ನಮ್ಮ ದಖ್ಖಣದ ಜನ ಶತಮಾನಗಳ ಹಿಂದೆಯೇ ಎದುರಿಸಿ ಉತ್ತರ ಕಂಡುಕೊಂಡಿದ್ದರು. ಆ ಉತ್ತರವನ್ನು ನಡುವೆ ನಾವು ಹೇಗೆ ಮರೆತೆವು, ದೂರದ ಹಿಮಪರ್ವತಗಳನ್ನು ಸುತ್ತಿ ಅದು ಮತ್ತೆ ಹೇಗೆ ನಮ್ಮ ಅಂಗಡಿಗಳಿಗೆ ಬಂದಿತು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬೇಗಮರ ಹೆಸರಿನ ಪೇಟೆ

ಎರಡನೆಯ ಅಸಫ್ ಜಾ ಎನಿಸಿದ ನಿಜಾಮ್ ಅಲಿ ಖಾನರು 1762ರಿಂದ 1803ರವರೆಗೆ ಆಳಿದರು. ಅವರ ಪತ್ನಿ ಹಮ್ದಾ ಬೇಗಂ ಮೂಸಿ ನದಿಯ ಉತ್ತರದ ದಂಡೆಯ ತಮ್ಮ ಜಾಗವನ್ನು ವ್ಯಾಪಾರಿಗಳಿಗೆ ಬಿಟ್ಟುಕೊಟ್ಟರೆಂದೂ ಅದರಿಂದಲೇ ಪೇಟೆಗೆ ಈ ಹೆಸರು ಬಂದಿತೆಂದೂ ಹೇಳುತ್ತಾರೆ. 1578ರಲ್ಲಿ ಕಟ್ಟಿದ ಪುರಾನಾ ಪೂಲ್ ಹತ್ತಿರದಲ್ಲಿದ್ದುದರಿಂದ ಗೋಲ್ಕೊಂಡೆಯ ಕಡೆಯಿಂದ ಬರುವ ಸರಕಿಗೆ ಇದು ಅನುಕೂಲದ ತಾಣವಾಯಿತು. ಮಾರವಾಡಿ, ಅಗರವಾಲ, ಗುಜರಾತಿ ಸಾಹುಕಾರರು ಬಂದು ನೆಲೆಸಿದರು. ಗೋಸಾಯಿಗಳ ಹುಂಡಿ ವ್ಯವಹಾರ ನಡೆಯಿತು. ಇಂದು ಈ ಪೇಟೆ ಪಾತ್ರೆ, ಒಣಹಣ್ಣು, ಮಸಾಲೆ, ಗೃಹೋಪಯೋಗಿ ಸಾಮಾನುಗಳ ಸಗಟು ವ್ಯಾಪಾರಕ್ಕೆ ಹೆಸರಾಗಿದೆ. ಬಟ್ಟೆಗೆ ಪ್ರಸಿದ್ಧವಾದ ಪತ್ತರಗಟ್ಟಿ, ಸುಲ್ತಾನ್ ಬಜಾರುಗಳೂ ಇಲ್ಲಿಂದ ಹೆಚ್ಚು ದೂರವಿಲ್ಲ.

ನಮ್ಮವರಿಗೂ ಈ ಪೇಟೆಗೂ ಹಳೆಯ ನಂಟು. 1956ರ ನವೆಂಬರ್ 1ರ ತನಕ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಕೋರ್ಟು ಕಚೇರಿಗೂ ಓದಿಗೂ ನೌಕರಿಗೂ ಇಲ್ಲಿಗೇ ಬರಬೇಕು. 1932ರ ಜೂನ್ ತಿಂಗಳಲ್ಲಿ ನಿಜಾಮರ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿದ ಮೇಲೆ ಬರುವುದು ಇನ್ನಷ್ಟು ಸುಲಭವಾಯಿತು. ಬಸ್ಸು ಇಳಿಯುವ ಗೌಲಿಗುಡದಿಂದ ಬೇಗಂ ಬಜಾರ್ ನಡಿಗೆಯ ದಾರಿ. ಮದುವೆಯ ಪಾತ್ರೆಪಡಗಕ್ಕೆ ಬಂದವರು ಮನೆಯ ಬೇರೆ ಬೇಡಿಕೆಗಳನ್ನೂ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಹೀಗೆ ಬಂದವರ ಹೆಗಲ ಮೇಲೆ, ಹಾಸಿಗೆಯ ಸುರುಳಿಯಲ್ಲಿ, ಎರಡು ವಸ್ತುಗಳು ತಪ್ಪದೆ ಇರುತ್ತಿದ್ದವು. ಒಂದು ಕೌದಿ, ಮತ್ತೊಂದು ಕಂಬಳಿ.

ಕೌದಿಯೂ ಕಂಬಳಿಯೂ

ಕೌದಿಯನ್ನು ನಾವೆಲ್ಲ ಬಲ್ಲೆವು. ಹಳೆಯ ಸೀರೆ, ಧೋತರ, ಕುಬಸದ ಚೂರುಗಳನ್ನು ಪದರ ಪದರವಾಗಿ ಹರವಿ, ಅಂಚಿನಿಂದ ನಡುವಿನವರೆಗೆ ಸಾಲುಹೊಲಿಗೆ ಹಾಕಿ ಅಜ್ಜಿಯರು ಮಾಡುತ್ತಿದ್ದ ಹೊದಿಕೆ. ಒಂದೊಂದು ಪದರವೂ ಸವೆದ ಬಟ್ಟೆಯೇ. ಒಂದನ್ನೇ ಹೊದ್ದರೆ ಚಳಿ ನಿಲ್ಲದು. ಆದರೆ ಐದಾರು ಪದರ ಕೂಡಿದಾಗ ಬೆಚ್ಚಗಾಗುತ್ತದೆ. ಏಕೆ? ಪದರಗಳ ನಡುವೆ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ಅಲುಗದ ಗಾಳಿ ಶಾಖವನ್ನು ಬಹು ನಿಧಾನವಾಗಿ ದಾಟಿಸುತ್ತದೆ. ಮೈಯ ಶಾಖ ಮೈಯಲ್ಲೇ ಉಳಿಯುತ್ತದೆ.

ಹತ್ತಿ ತುಂಬಿದ ರಜಾಯಿಯ ಗುಟ್ಟೂ ಇದೇ. ಮೂರು ನಾಲ್ಕು ವರುಷ ಬಳಸಿದ ರಜಾಯಿ ಚಪ್ಪಟೆಯಾಗಿ ತಣ್ಣಗಾಗುತ್ತದೆ. ಆಗ ಪಿಂಜಾರರು ಬಿಲ್ಲು ಹಿಡಿದು ಬಂದು ಅದೇ ಹತ್ತಿಯನ್ನು ಹಿಂಜಿ ಕೊಡುತ್ತಿದ್ದರು. ರಜಾಯಿ ಮತ್ತೆ ಬೆಚ್ಚಗಾಗುತ್ತಿತ್ತು. ಹತ್ತಿ ಒಂದು ತೊಲವೂ ಹೆಚ್ಚಿರುತ್ತಿರಲಿಲ್ಲ. ಅದರೊಳಗೆ ಗಾಳಿ ತುಂಬಿರುತ್ತಿತ್ತು, ಅಷ್ಟೆ. ಶ್ರೀಮಂತರ ಮನೆಗಳಲ್ಲಿ ಔರಂಗಾಬಾದಿನ ಹಿಮ್ರೂ ಬಟ್ಟೆಯ ಶೇರ್ವಾನಿಗಳಿದ್ದವು. ಹತ್ತಿ ರೇಷ್ಮೆ ಕೂಡಿಸಿ ನೇಯುವ ಈ ಬಟ್ಟೆಯ ಬೆನ್ನಿಗೆ ಸಡಿಲ ಎಳೆಗಳ ಒಂದು ಪದರವೇ ನಿಲ್ಲುತ್ತದೆ. ನೋಡುವವರಿಗೆ ಮುಂಭಾಗದ ಹೂಬಳ್ಳಿ, ತೊಟ್ಟವರಿಗೆ ಹಿಂಭಾಗದ ಗಾಳಿ.

ಆದರೆ ಕೌದಿಗೂ ರಜಾಯಿಗೂ ಒಂದು ದೋಷವಿದೆ. ಹತ್ತಿ ನೀರನ್ನು ಪ್ರೀತಿಸುವ ನಾರು. ಒದ್ದೆಯಾದರೆ ಗಾಳಿ ಇದ್ದ ಜಾಗದಲ್ಲೆಲ್ಲ ನೀರು ತುಂಬುತ್ತದೆ. ಅಲುಗದ ಗಾಳಿಗಿಂತ ನೀರು ಶಾಖವನ್ನು ಸುಮಾರು 25 ಪಟ್ಟು ವೇಗವಾಗಿ ಕದ್ದೊಯ್ಯುತ್ತದೆ. ಮಲಗಿದವನು ಹೆಚ್ಚು ಬೆವರುವುದಿಲ್ಲವಾದ್ದರಿಂದ ಕೌದಿ ಅವನಿಗೆ ಒಪ್ಪುತ್ತದೆ. ಕೌದಿ ಹೊದ್ದು ಹತ್ತು ಮೈಲಿ ನಡೆದವನನ್ನು ಯಾರೂ ಕಂಡಿಲ್ಲ.

ನಡೆಯುವವನ ಬಟ್ಟೆ ಕಂಬಳಿ. ಬೀದರ, ಕಲಬುರಗಿಯಿಂದ ತೆಲಂಗಾಣ, ಮಹಾರಾಷ್ಟ್ರಗಳವರೆಗೆ ಹರಡಿರುವ ದಖ್ಖಣಿ ಕುರಿಯ ಉಣ್ಣೆ ಒರಟು, ಬಹುಪಾಲು ಕಪ್ಪು. ವರ್ಷಕ್ಕೆ ಎರಡು ಸಲ ಕತ್ತರಿಸಿ, ಹಿಂಜಿ, ಕುರುಬ ಸಮಾಜದ ಹೆಂಗಸರು ನೂತು ಕೊಟ್ಟ ನೂಲನ್ನು ಗಂಡಸರು ಕುಣಿ ಮಗ್ಗದಲ್ಲಿ ನೇಯುತ್ತಿದ್ದರು. ಹಾಸಿನ ನೂಲಿಗೆ ಹುಣಿಸೆ ಬೀಜದ ಗಂಜಿ ಬಳಿದು ಗಟ್ಟಿ ಮಾಡುತ್ತಿದ್ದರು. ಇದನ್ನೇ ತೆಲುಗಿನಲ್ಲಿ ಗೊಂಗಡಿ ಎನ್ನುತ್ತಾರೆ. ಚಳ್ಳಕೆರೆ, ಮೆಡ್ಲೇರಿಗಳ ಕಂಬಳಿ ನಮ್ಮ ನಾಡಿನಲ್ಲಿ ಹೆಸರುವಾಸಿ.

ಈ ಕಂಬಳಿ ಹೊದ್ದ ಕುರಿಗಾಹಿ ಮಳೆ ಚಳಿ ಎನ್ನದೆ ಹಿಂಡಿನ ಹಿಂದೆ ತಿಂಗಳುಗಟ್ಟಲೆ ನಡೆಯುತ್ತಾನೆ. ಮಳೆ ಬಂದರೆ ಕೊಪ್ಪೆ ಮಾಡಿ ತಲೆಗೆ ಹಾಕುತ್ತಾನೆ. ಒತ್ತಾದ ಒರಟು ಕೂದಲಿನ ಮೇಲಿಂದ ಹನಿ ಜಾರಿಹೋಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹೀರುವಾಗ ಅಷ್ಟಿಷ್ಟು ಶಾಖವನ್ನೂ ಹೊರಬಿಡುತ್ತದೆ. ಇದೆಲ್ಲ ಇಂದು ಪ್ರಯೋಗಶಾಲೆಯಲ್ಲಿ ಅಳೆದು ತಿಳಿದದ್ದು; ಕುರಿಗಾಹಿ ಬೆನ್ನಿನಿಂದ ತಿಳಿದಿದ್ದ. ಇನ್ನೊಂದು ಮಾತು: ಕಂಬಳಿಗೆ ಹೊಲಿಗೆಯಿಲ್ಲ, ಗುಂಡಿಯಿಲ್ಲ. ದಿಬ್ಬ ಹತ್ತುವಾಗ ಮೈ ಕಾದರೆ ಹೆಗಲಿಗೆ ಸರಿಸುತ್ತಾನೆ, ನಿಂತಾಗ ಸುತ್ತಿಕೊಳ್ಳುತ್ತಾನೆ. ಮೈಯ ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಅನುಕೂಲ ಇರುವುದರಿಂದಲೇ ಅದು ನಡೆಯುವವನ ಉಡುಪು.

ಹೀಗೆ ನಮ್ಮ ಹಿರಿಯರು ಚಳಿಯ ಬಟ್ಟೆಯನ್ನು ಆರಿಸುವಾಗ ಎಷ್ಟು ದಪ್ಪ ಎಂದು ಕೇಳುವ ಮೊದಲು ಯಾರಿಗೆ ಎಂದು ಕೇಳುತ್ತಿದ್ದರು. ಮಲಗುವವರಿಗೋ, ನಡೆಯುವವರಿಗೋ? ಈ ಒಂದು ಪ್ರಶ್ನೆಯನ್ನು ಓದುಗರು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

ಗಿರಣಿಗಳು ಬಂದ ಮೇಲೆ

ಕಂಬಳಿ ಚುಚ್ಚುತ್ತದೆ, ನಿಜ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯಂತ್ರದ ಉಣ್ಣೆ ಬಂದಾಗ ಪಟ್ಟಣಿಗರು ಅದಕ್ಕೆ ಮನಸೋತದ್ದು ಸಹಜ. 1876ರಲ್ಲಿ ಕಾನ್ಪುರದ ಉಣ್ಣೆಯ ಗಿರಣಿ, ಮುಂದೆ ಲಾಲ್ ಇಮ್ಲಿ ಎಂದು ಮನೆಮಾತಾದದ್ದು. 1880ರಲ್ಲಿ ಪಂಜಾಬಿನ ಧಾರಿವಾಲ್. 1884ರಲ್ಲಿ ನಮ್ಮ ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ, ಬಿನ್ನಿ ಮಿಲ್ ಎಂದು ನಾವು ಕರೆಯುತ್ತಿದ್ದದ್ದು. ಈ ಬೆಂಗಳೂರು ಗಿರಣಿ ಈಗ ಇಲ್ಲ. ಅದರ ಜಾಗದಲ್ಲಿ ವಸತಿ ಕಟ್ಟಡಗಳೆದ್ದಿವೆ. ಆದರೆ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಆ ಕಾಲದ ಉಣ್ಣೆಯ ರಗ್ಗುಗಳು ಇನ್ನೂ ಇದ್ದಾವು.

ಈ ಗಿರಣಿಗಳ ದೊಡ್ಡ ಗಿರಾಕಿ ಸೈನ್ಯ. 1806ರಲ್ಲಿ ಸ್ಥಾಪಿತವಾದ ಸಿಕಂದರಾಬಾದ್ ದಂಡು ಪ್ರದೇಶದಂಥ ಕಡೆಗಳಿಂದ ಫ್ಲಾನೆಲ್ ಎಂಬ ಮೆತ್ತನೆಯ ಉಣ್ಣೆಬಟ್ಟೆ ಊರೊಳಗೂ ಬಂದಿತು. ಅದರ ಜೊತೆಗೆ ಒಂದು ಮೂಢನಂಬಿಕೆಯೂ ಇತ್ತು. ಹೊಟ್ಟೆಗೆ ಥಂಡಿ ತಗುಲಿದರೆ ಕಾಲರಾ ಬರುತ್ತದೆಂದು ಭಾವಿಸಿ ಬ್ರಿಟಿಷ್ ಸಿಪಾಯಿಗಳು ಸೊಂಟಕ್ಕೆ ಫ್ಲಾನೆಲ್ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಅದಕ್ಕೆ ಕಾಲರಾ ಪಟ್ಟಿ ಎಂದೇ ಹೆಸರು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದ ಮೇಲೂ ಆ ಪಟ್ಟಿ ಸೊಂಟ ಬಿಡಲಿಲ್ಲ. ಎಳೆಮಕ್ಕಳಿಗೆ ಸುಡುಬಿಸಿಲಿನಲ್ಲೂ ಕುಲಾವಿ, ಕುಂಚಿಗೆ, ಮೇಲೊಂದು ಸ್ವೆಟರ್ ಹಾಕುವ ನಮ್ಮವರು ಸಿಪಾಯಿಗಳನ್ನು ಕಂಡು ನಗುವ ಹಾಗಿಲ್ಲ.

ಫ್ಲಾನೆಲ್ ದುಬಾರಿ. ಆದ್ದರಿಂದ ಹತ್ತಿಯ ಬಟ್ಟೆಯನ್ನೇ ಮುಳ್ಳುಕುಂಚದಿಂದ ಕೆರೆದು ಜುಂಗೆಬ್ಬಿಸಿ ಫ್ಲಾನೆಲೆಟ್ ಎಂದು ಮಾರಿದರು. ನಮ್ಮಲ್ಲಿ ಎರಡಕ್ಕೂ ಫಲಾಲೀನು ಎಂಬ ಒಂದೇ ಹೆಸರು ನಿಂತಿತು. ಗೊಂದಲವೂ ಅಲ್ಲಿಂದಲೇ ಹುಟ್ಟಿತು. ಮುಟ್ಟಲು ಎರಡೂ ಮೆತ್ತಗೆ, ಗುಣದಲ್ಲಿ ಒಂದು ಉಣ್ಣೆ, ಇನ್ನೊಂದು ಹತ್ತಿ. ಹತ್ತಿಯ ಜುಂಗಿಗೆ ಕಿಡಿ ತಾಗಿದರೆ ಬೆಂಕಿ ಮೇಲ್ಮೈಯಲ್ಲಿ ಓಡುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ತೊಟ್ಟ ಮಕ್ಕಳು ಅಗ್ಗಿಷ್ಟಿಕೆಯ ಮುಂದೆ ಸುಟ್ಟುಕೊಂಡ ಪ್ರಕರಣಗಳು ಹೆಚ್ಚಿದಾಗ, ಉರಿಯದ ಬಟ್ಟೆ ಎಂದು ಸುಳ್ಳು ಹೇಳಿ ಮಾರುವುದನ್ನು ತಡೆಯಲು 1913ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಒಲೆಯ ಮುಂದೆ ನಿಲ್ಲುವವರು ಈ ಸಂಗತಿಯನ್ನು ಮರೆಯಬಾರದು.

ಇದೇ ಕಾಲಕ್ಕೆ ಹೊಲಿಗೆಯ ಯಂತ್ರವೂ ಮನೆಹೊಕ್ಕಿತು. 1851ರಲ್ಲಿ ಅಮೆರಿಕದ ಐಸಾಕ್ ಸಿಂಗರ್ ಪೇಟೆಂಟ್ ಪಡೆದ ಯಂತ್ರ ಕೆಲವು ದಶಕಗಳಲ್ಲಿ ಇಲ್ಲಿಗೂ ಬಂದಿತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರದ ತಯಾರಿಕೆ ಆರಂಭವಾಯಿತು. ಮದುವೆಯ ಉಡುಗೊರೆಯಾಗಿ ಬಂದ ಯಂತ್ರದಲ್ಲಿ ನಮ್ಮ ತಾಯಂದಿರು ಫಲಾಲೀನಿನ ಅಂಗಿ, ಪೆಟ್ಟಿಕೋಟು, ಮಗುವಿನ ಟೊಪ್ಪಿಗೆ ಹೊಲಿದರು. ಅವೆಲ್ಲ ಮಲಗುವವರ, ಕುಳಿತವರ ಬಟ್ಟೆಗಳೇ. ಆಟಕ್ಕೆ ಹೋಗುವ ಮಗುವಿಗೂ ಅದನ್ನೇ ತೊಡಿಸತೊಡಗಿದಾಗ ಹಳೆಯ ಪ್ರಶ್ನೆ ಮರೆಗೆ ಸರಿಯಿತು.

ಹಿಮಪರ್ವತದ ಪಾಠ

ಮರೆತ ಪ್ರಶ್ನೆಯನ್ನು ಮತ್ತೆ ಕೇಳಿದವರು ಹಿಮದಲ್ಲಿ ಏರುವವರು. ಪರ್ವತಾರೋಹಿಗೆ ಕುರಿಗಾಹಿಯದೇ ಸಮಸ್ಯೆ: ಏರುವಾಗ ಬೆವರು, ನಿಂತಾಗ ಮರಣದಂಥ ಚಳಿ. 1924ರಲ್ಲಿ ಎವರೆಸ್ಟ್ ಏರಹೋಗಿ ಮರಳಿ ಬಾರದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ಒಂದೇ ಒಂದು ದಪ್ಪ ಕೋಟು ಇರಲಿಲ್ಲ. ರೇಷ್ಮೆ, ಹತ್ತಿ, ಉಣ್ಣೆಯ ಹಲವು ತೆಳು ಪದರಗಳು, ಅವುಗಳ ಮೇಲೆ ಗಾಳಿ ತಡೆಯುವ ಗ್ಯಾಬರ್ಡೀನ್. ನಮ್ಮ ಅಜ್ಜಿಯ ಕೌದಿಯ ತತ್ತ್ವವನ್ನೇ ಬಿಡಿಬಿಡಿಯಾಗಿ ತೊಟ್ಟ ಹಾಗೆ. 1930ರ ದಶಕದಲ್ಲಿ ನಾರ್ವೆಯವರು ಮೀನಿನ ಬಲೆಯಂಥ ಬನಿಯನ್ನನ್ನು ಮಾಡಿದರು. ಬರಿಯ ತೂತುಗಳ ಆ ಬನಿಯನ್ ಮೇಲಿನ ಅಂಗಿಯನ್ನು ಮೈಗೆ ಅಂಟಲು ಬಿಡದೆ ನಡುವೆ ಗಾಳಿಯನ್ನು ಹಿಡಿದಿಡುತ್ತಿತ್ತು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಶಿಖರ ಮುಟ್ಟಿದಾಗ ಅವರ ಮೇಲುಡುಪು ಹತ್ತಿ, ನೈಲಾನ್ ಕೂಡಿಸಿ ನೇಯ್ದದ್ದಾಗಿತ್ತು.

ಅಷ್ಟರಲ್ಲಿ ರಾಸಾಯನಿಕ ನಾರುಗಳ ಯುಗ ಬಂದಿತ್ತು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಪ್ರಕಟವಾಯಿತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನಾರನ್ನು ಕಂಡುಹಿಡಿದರು. ನಮ್ಮಲ್ಲಿ ಇದು ಟೆರಿಲಿನ್, ಟೆರಿಕಾಟ್ ಎಂದು ಬಂದು ಇಸ್ತ್ರಿಯ ಕಾಟ ತಪ್ಪಿಸಿದ್ದಕ್ಕೆ ಮೆಚ್ಚಿಗೆ ಪಡೆಯಿತು. ಬೇಸಗೆಯಲ್ಲಿ ಬೆವರು ಹೀರುವುದಿಲ್ಲವೆಂದು ಬೈಸಿಕೊಂಡಿತು. ಒಣ ಹತ್ತಿಯೂ ಸಾಧಾರಣ ಹವೆಯಲ್ಲಿ ಶೇಕಡಾ 8ರಷ್ಟು ತೇವವನ್ನು ಇಟ್ಟುಕೊಂಡರೆ ಪಾಲಿಯೆಸ್ಟರ್ ಅರ್ಧ ಶೇಕಡಾವನ್ನೂ ಇಟ್ಟುಕೊಳ್ಳುವುದಿಲ್ಲ. ನಾವು ದೋಷವೆಂದು ಬೈದ ಈ ಗುಣವೇ ಚಳಿಯಲ್ಲಿ ಓಡುವವನಿಗೆ ಉಪಕಾರಿ. ಹೀರದ ನಾರಿನ ತೆಳು ಹೆಣಿಗೆ ಬೆವರನ್ನು ತನ್ನೊಳಗೆ ಇಟ್ಟುಕೊಳ್ಳದೆ ಮೇಲಿನ ಮುಖಕ್ಕೆ ಹರಡುತ್ತದೆ. ಅಲ್ಲಿ ಅದು ಬೇಗ ಆರುತ್ತದೆ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಮಾಲ್ಡನ್ ಗಿರಣಿ ಪಾಲಿಯೆಸ್ಟರ್ ಹೆಣಿಗೆಯನ್ನು ಕೆರೆದು ಜುಂಗೆಬ್ಬಿಸಿ ಫ್ಲೀಸ್ ಬಟ್ಟೆಯನ್ನು ತಂದಿತು. ಫ್ಲಾನೆಲೆಟ್ ಮಾಡಿದ್ದೂ ಇದನ್ನೇ, ಕೆರೆದು ಗಾಳಿ ತುಂಬುವುದನ್ನೇ. ಆದರೆ ಇಲ್ಲಿ ನಾರು ನೀರು ಕುಡಿಯುವುದಿಲ್ಲ. ಹಗುರ, ಬೆಚ್ಚಗೆ, ಒಗೆದರೆ ಬೇಗ ಒಣಗುತ್ತದೆ, ಚುಚ್ಚುವುದಿಲ್ಲ. ಕುರಿಯ ಉಣ್ಣೆಗೆ ಇಂಗ್ಲಿಷಿನಲ್ಲಿರುವ ಹೆಸರನ್ನೇ ಈ ಬಟ್ಟೆ ಹೊತ್ತುಕೊಂಡಿತು. 1993ರಿಂದ ಎಸೆದ ಪ್ಲಾಸ್ಟಿಕ್ ಬಾಟಲಿಗಳಿಂದಲೂ ಇದನ್ನು ಮಾಡುತ್ತಿದ್ದಾರೆ. ಆದರೆ ಒಗೆದಾಗಲೆಲ್ಲ ಇದರ ಸಣ್ಣ ಎಳೆಗಳು ಉದುರಿ ನೀರು ಸೇರುತ್ತವೆಂಬುದೂ, ಬೆಂಕಿ ತಾಗಿದರೆ ಕರಗಿ ಮೈಗಂಟುತ್ತದೆಂಬುದೂ ನಿಜ.

ನಡುವೆ ಇನ್ನೊಂದು ನಾರು ಬಂದಿತ್ತು, ಅಕ್ರಿಲಿಕ್. 1970-80ರ ದಶಕಗಳಲ್ಲಿ ನಮ್ಮ ಹೆಣಿಗೆಯ ಕಡ್ಡಿಗಳ ಮೇಲೆ ಕುಣಿದ ಕ್ಯಾಶ್ಮಿಲಾನ್ ಮೂಲತಃ ಜಪಾನಿನ ಕಂಪೆನಿಯೊಂದರ ಅಕ್ರಿಲಿಕ್ ನಾರಿನ ಹೆಸರು. ಅದನ್ನು ಉಲ್ಲನ್ ಎಂದೇ ಕರೆದು ನಾವು ಕುರಿಯನ್ನು ಮರೆತೆವು. ಲೂಧಿಯಾನದ ಹೊಸೈರಿಯಲ್ಲೂ ಈ ನಾರಿನದು ದೊಡ್ಡ ಪಾಲು. ಕರ್ನಾಟಕದ ಬೈಲಕುಪ್ಪೆ, ಮುಂಡಗೋಡುಗಳ ವಸಾಹತುಗಳಲ್ಲಿ ನೆಲೆಸಿದ ಟಿಬೆಟನ್ನರು ಚಳಿಗಾಲದಲ್ಲಿ ಊರೂರಿಗೆ ಒಯ್ದು ಮಾರುವ ಸ್ವೆಟರುಗಳು ಬಹುಪಾಲು ಅಲ್ಲಿಯವೇ.

ಅಂಗಡಿಯ ಮುಂದೆ

ಇಷ್ಟು ಚರಿತ್ರೆಯನ್ನು ಬೆನ್ನಿಗಿಟ್ಟುಕೊಂಡು ಈಗ ಅಂಗಡಿಗೆ ಹೋಗೋಣ. ಅಲ್ಲಿ ಎಲ್ಲಕ್ಕೂ ಒಂದೇ ಹೆಸರು, ಗರಮ್ ಕಪಡಾ. ಬಟ್ಟೆಗೆ ತನ್ನದೆಂಬ ಬಿಸಿಯಿಲ್ಲ. ಬಿಸಿ ನಮ್ಮ ಮೈಯದು. ಬಟ್ಟೆ ಅದನ್ನು ಕಾಯುವ ಕಾವಲುಗಾರ ಮಾತ್ರ. ಯಾವ ಕಾವಲುಗಾರ ಬೇಕೆಂದು ಕೇಳುವವರು ನಾವಾಗಬೇಕು.

ಮೈಗೆ ತಾಗುವ ಒಳ ಉಡುಪಿಗೆ ತೆಳುವಾದ ಪಾಲಿಯೆಸ್ಟರ್ ಹೆಣಿಗೆ ಉತ್ತಮ. ಅಂಗಡಿಯವರು ಡ್ರೈಫಿಟ್ ಎಂದು ಕರೆಯುವುದು ಇದನ್ನೇ. ಒಂದು ಹನಿ ನೀರು ಹಾಕಿ ನೋಡಬೇಕು. ಹನಿ ಮುತ್ತಿನಂತೆ ಮೇಲೆ ನಿಂತರೆ ಬೆವರೂ ಚರ್ಮದ ಮೇಲೆ ನಿಲ್ಲುತ್ತದೆ, ಬೇಡ. ಕೂಡಲೇ ಅಗಲವಾಗಿ ಹರಡಿದರೆ ಒಳ್ಳೆಯದು. ನಿಧಾನವಾಗಿ ನಡೆಯುವ ಹಿರಿಯರಿಗೆ ಹೈದರಾಬಾದಿನ ಚಳಿಯಲ್ಲಿ ಹತ್ತಿಯ ಬನಿಯನ್ನೇ ಸಾಕು. ಅವರು ಅಷ್ಟು ಬೆವರುವುದಿಲ್ಲ. ಬೆವರಿ ನಿಲ್ಲುವ ಮಕ್ಕಳಿಗೆ, ತರುಣರಿಗೆ ಹತ್ತಿ ಒಪ್ಪದು.

ನಡುವಿನ ಪದರಕ್ಕೆ ತೆಳು ಫ್ಲೀಸ್. ಚದರ ಮೀಟರಿಗೆ 200 ಗ್ರಾಂ ತೂಗುವುದು ಇಲ್ಲಿಗೆ ಧಾರಾಳ. ಅಂಗೈಯಿಂದ ಇಪ್ಪತ್ತು ಸಲ ತಿಕ್ಕಿ ನೋಡಿ. ಆಗಲೇ ಉಂಡೆ ಕಟ್ಟಿದರೆ ಎರಡು ಒಗೆತಕ್ಕೆ ಕೆಡುತ್ತದೆ. ಅಡ್ಡ ಎಳೆದು ಬಿಟ್ಟರೆ ಮೊದಲಿನ ಅಳತೆಗೆ ಬರಬೇಕು. ಹೆಣಿಗೆಯ ಬಟ್ಟೆಯನ್ನು ಸಗಟಿನಲ್ಲಿ ಕಿಲೋ ಲೆಕ್ಕದಲ್ಲಿ ಮಾರುವುದುಂಟು. ಆಗ ಗಾಬರಿಯಾಗದೆ ಲೆಕ್ಕ ಹಾಕಬೇಕು: 200 ಗ್ರಾಮಿನ ಬಟ್ಟೆ ಒಂದೂವರೆ ಮೀಟರ್ ಪನ್ನಾ ಇದ್ದರೆ ಒಂದು ಮೀಟರ್ ಉದ್ದಕ್ಕೆ 300 ಗ್ರಾಂ, ಕಿಲೋಗೆ ಮೂರು ಮೀಟರಿಗಿಂತ ತುಸು ಹೆಚ್ಚು. ದೊಡ್ಡವರ ಒಂದು ತೋಳಿನ ಅಂಗಿಗೆ ಒಂದೂವರೆಯಿಂದ ಎರಡು ಮೀಟರ್ ಬೇಕು. ತಾನು ಪೂರ್ತಿ ಕೊಂಡರೆ ಮಾತ್ರ ಕೊಡುತ್ತೇವೆ ಎನ್ನುವ ಅಂಗಡಿಗಳಲ್ಲಿ ಮೂರು ನಾಲ್ಕು ಮನೆಯವರು ಕೂಡಿ ಕೊಂಡರೆ ದರವೂ ಇಳಿಯುತ್ತದೆ, ಸ್ನೇಹವೂ ಬೆಳೆಯುತ್ತದೆ.

ಮೇಲುಡುಪಿಗೆ ಒತ್ತಾಗಿ ನೇಯ್ದ ನೈಲಾನ್. ಪೇಟೆಯ ಮಾತಿನಲ್ಲಿ ಪ್ಯಾರಾಶೂಟ್ ಬಟ್ಟೆ. ಬಾಯಿಗೆ ಒತ್ತಿ ಊದಿ ನೋಡಿ. ಗಾಳಿ ಸಲೀಸಾಗಿ ಹೋದರೆ ಸೈಕಲ್ ಸವಾರನಿಗೆ ಉಪಯೋಗವಿಲ್ಲ. ಸ್ವಲ್ಪವೂ ಹೋಗದಿದ್ದರೆ ಒಳಗೆ ಬೆವರಿನ ಹಬೆಯಾಗುತ್ತದೆ. ಕಷ್ಟಪಟ್ಟು ತುಸು ಹೋಗುವುದೇ ಸರಿ. ಇದರಿಂದ ತೋಳಿಲ್ಲದ ಬಂಡಿ ಹೊಲಿದರೂ ಸಾಕು. ಎದೆಗೆ ಗಾಳಿ ತಾಗದಿದ್ದರೆ ತೋಳು ತಾನೇ ಬೆಚ್ಚಗಿರುತ್ತದೆ. ಮುಂದೆ ಪೂರ್ತಿ ಉದ್ದದ ಜಿಪ್ ಇಡಿ. ಕುರಿಗಾಹಿ ಕಂಬಳಿ ಸರಿಸುವ ಕೆಲಸವನ್ನು ಜಿಪ್ ಮಾಡುತ್ತದೆ.

ನಾರು ಯಾವುದೆಂಬ ಸಂಶಯ ಬಂದರೆ ಅಂಚಿನ ಎರಡು ಎಳೆ ಕೇಳಿ ತಂದು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಬಹುದು. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಉಣ್ಣೆ. ಕಾಗದದ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ರಾಸಾಯನಿಕ ನಾರು. ಅಗ್ಗದ ಉಣ್ಣೆ ಎಂದು ಬರುವುದರಲ್ಲಿ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಬಟ್ಟೆಗಳನ್ನು ಹರಿದು ಮತ್ತೆ ನೂತದ್ದೂ ಇರುತ್ತದೆ. ಹೊದ್ದು ಮಲಗಲು ಅದಕ್ಕೇನೂ ಕೊರತೆಯಿಲ್ಲ. ಹೊಲಿದು ಓಡಲು ಅದರ ಎಳೆ ಗಿಡ್ಡ, ಬೇಗ ಹರಿಯುತ್ತದೆ.

ಹೊಲಿಯುವಾಗ ಮೂರು ಮಾತು. ಹೆಣಿಗೆಯ ಬಟ್ಟೆಗೆ ಮೊಂಡು ತುದಿಯ ಬಾಲ್‌ಪಾಯಿಂಟ್ ಸೂಜಿ ಬೇಕು. ಚೂಪು ಸೂಜಿ ಕುಣಿಕೆಗಳನ್ನು ಕಡಿದು ತೂತು ಮಾಡುತ್ತದೆ. ನೇರ ಹೊಲಿಗೆ ಎಳೆದಾಗ ಹರಿಯುತ್ತದೆಯಾದ್ದರಿಂದ ಕಿರಿದಾದ ಜಿಗ್‌ಜಾಗ್ ಹೊಲಿಗೆ ಹಾಕಿ, ಪಾಲಿಯೆಸ್ಟರ್ ದಾರ ಬಳಸಿ. ಬಟ್ಟೆ ಹೆಚ್ಚು ಹಿಗ್ಗುವ ದಿಕ್ಕು ಮೈಯ ಸುತ್ತಳತೆಗೆ ಬರುವಂತೆ ಕತ್ತರಿಸಬೇಕು. ಫ್ಲೀಸಿನ ಅಂಚು ಎಳೆ ಬಿಡುವುದಿಲ್ಲ, ಓವರ್‌ಲಾಕ್ ಇಲ್ಲದ ಮನೆಯವರಿಗೂ ಚಿಂತೆಯಿಲ್ಲ. ಬಿಸಿ ಇಸ್ತ್ರಿಯನ್ನು ಮಾತ್ರ ಹತ್ತಿರ ತರಬೇಡಿ. ಇವುಗಳನ್ನು ತೊಟ್ಟು ಒಲೆಯ ಮುಂದೆ ನಿಲ್ಲುವುದೂ ಬೇಡ; ಬಂದ ಕೂಡಲೇ ಬದಲಿಸುವುದು ಲೇಸು.

ಉಳಿದ ಒಂದು ಮಾತು

ಬೇಗಂ ಬಜಾರಿನಿಂದ ಪುರಾನಾ ಪೂಲಿನತ್ತ ಹೋದರೆ ಜಿಯಾಗುಡದ ಕುರಿ ಮಂಡಿ ಸಿಗುತ್ತದೆ. ದಖ್ಖಣದ ಹಳ್ಳಿಗಳಿಂದ ಕುರಿಗಳು ಇಂದಿಗೂ ಈ ನಗರಕ್ಕೆ ಬರುತ್ತವೆ, ಮಾಂಸಕ್ಕಾಗಿ. ಉಣ್ಣೆಗೆ ಬೆಲೆಯಿಲ್ಲದಾಗಿ, ತೂಕ ಹೆಚ್ಚು ಬರುವ ಉಣ್ಣೆಯಿಲ್ಲದ ತಳಿಗಳು ಹಿಂಡಿಗೆ ಸೇರಿದವು. ಕಪ್ಪು ದಖ್ಖಣಿ ಕುರಿ ಕಡಮೆಯಾಯಿತು. ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ಬಿಸಾಡುವ ಸ್ಥಿತಿ ಬಂದಿತು. ಮಗ್ಗಗಳು ಒಂದೊಂದಾಗಿ ನಿಂತವು. ಬೀರೇಶ್ವರನ ಗದ್ದಿಗೆಗೆ, ಮಂಗಳಕಾರ್ಯದ ಹಾಸಿಗೆ ಬೇಕಾದಾಗ ಮಾತ್ರ ನಮಗೆ ಕಂಬಳಿಯ ನೆನಪು. ಕಂಬಳಿಯ ಮೇಲೆ ಕುಳಿತು ಉಣ್ಣುವವನು ಅನ್ನದಲ್ಲಿ ಕೂದಲು ಬಂತೆಂದು ಗೊಣಗಿದನಂತೆ ಎಂಬ ಗಾದೆಯನ್ನು ಹೇಳಿ ನಗುವ ಜನ ನಾವು. ಅದು ಚುಚ್ಚುತ್ತದೆಂದು ದೂರಿ ಅದು ಕಲಿಸಿದ್ದನ್ನೂ ದೂರ ಮಾಡಿದೆವು.

ಕಂಬಳಿಯನ್ನೇ ತೊಟ್ಟು ಓಡಬೇಕೆಂದು ನಾವು ಹೇಳುತ್ತಿಲ್ಲ. ಪಾಲಿಯೆಸ್ಟರ್ ಒಳಂಗಿ, ಫ್ಲೀಸ್, ನೈಲಾನ್ ಬಂಡಿ ಇವು ಈ ಕಾಲದ ಓಟಗಾರನಿಗೆ ಒಪ್ಪುವ ಸಾಧನಗಳು; ಸಂಕೋಚವಿಲ್ಲದೆ ಹೊಲಿದು ತೊಡೋಣ. ಆದರೆ ಓಡಿ ಬಂದು ಬೆವರಾರಿಸುವಾಗ ಹೊದ್ದುಕೊಳ್ಳಲು, ಬಸ್ಸಿನ ರಾತ್ರಿ ಪ್ರಯಾಣಕ್ಕೆ, ಚಳಿಯಲ್ಲಿ ಅಂಗಳದಲ್ಲಿ ಕೂರುವ ಅಜ್ಜನಿಗೆ ಕಂಬಳಿಯನ್ನು ಮೀರಿಸಿದ್ದು ಇಂದಿಗೂ ಕಡಮೆ. ಊರಿಗೆ ಹೋದಾಗ ನೇಯುವವರು ಉಳಿದಿದ್ದರೆ ಅವರ ಕೈಯಿಂದಲೇ ಒಂದನ್ನು ಕೊಂಡು ತರೋಣ. ಮನೆಯಲ್ಲಿ ಬೆಳೆಯುವ ಮಕ್ಕಳು, ಕನ್ನಡದ ಊರುಗಳನ್ನು ರಜೆಯಲ್ಲಷ್ಟೇ ಕಂಡವರು, ಒಂದು ಕೈಯಲ್ಲಿ ಫ್ಲೀಸನ್ನೂ ಇನ್ನೊಂದು ಕೈಯಲ್ಲಿ ಕಂಬಳಿಯನ್ನೂ ಮುಟ್ಟಿ ನೋಡಲಿ. ಮಲಗುವವರಿಗೋ, ನಡೆಯುವವರಿಗೋ ಎಂಬ ಪ್ರಶ್ನೆ ಅವರಿಗೂ ದಾಟಲಿ.